ಗಣಿತ ಬೇಡದ ವಿಜ್ಞಾನವೇ?

ನಿಮ್ಮ ಲೇಖನದಲ್ಲಿ ‘ಗಣಿತ ಕಷ್ಟ ಅನ್ನೋರಿಗೆ ಭೂವಿಜ್ಞಾನ ಒಳ್ಳೆ ಆಯ್ಕೆ’ ಅಂದಿದ್ದೀರಿ. ಆ ಮಾತು ನಂಬಿ ಬಿಎಸ್ಸಿಗೆ ಸೇರಿದವರು ಮೊದಲ ಫೀಲ್ಡ್‌ವರ್ಕ್‌ನಲ್ಲೇ ತಡವರಿಸುತ್ತಾರೆ.

ಸ್ಟ್ರೈಕ್, ಡಿಪ್ ಅಳೆಯುವುದನ್ನೇ ನೋಡಿ. ಬಂಡೆಯ ಪದರ ಕ್ಷಿತಿಜೀಯ (ನೆಲಮಟ್ಟದ) ಸಮತಲವನ್ನು ಸಂಧಿಸುವ ಗೆರೆ ಸ್ಟ್ರೈಕ್. ಅದಕ್ಕೆ ಸರಿಯಾಗಿ 90 ಡಿಗ್ರಿಯಲ್ಲಿ ಅಳೆದ ವಾಲಿಕೆ ಡಿಪ್. ವಾಲಿಕೆ ಅಳೆಯುವ ಕ್ಲೈನೋಮೀಟರ್ ಓರೆಯಾಯಿತೋ, ಲೆಕ್ಕ ಕೆಟ್ಟಿತು: ನಿಜವಾದ ಡಿಪ್ 60 ಡಿಗ್ರಿ ಇದ್ದು, ಸ್ಟ್ರೈಕ್‌ನಿಂದ 45 ಡಿಗ್ರಿ ದಿಕ್ಕಿನಲ್ಲಿ ಅಳೆದರೆ ಸುಮಾರು 51 ಅಷ್ಟೇ ಬರುತ್ತದೆ. ಇದನ್ನು ಸರಿಪಡಿಸಲು ಟ್ರಿಗನಾಮೆಟ್ರಿ ಬೇಕೇ ಬೇಕು. ದಿಕ್ಸೂಚಿ ಪಕ್ಕ ಸುತ್ತಿಗೆ ಇಟ್ಟು ಮುಳ್ಳು ತಿರುಗಿಸಿಕೊಳ್ಳುವುದು ಇನ್ನೊಂದು ಮಾಮೂಲಿ ಎಡವಟ್ಟು.

ಲ್ಯಾಬಿನಲ್ಲೂ ಅಷ್ಟೆ. ಸೂಕ್ಷ್ಮದರ್ಶಕದಲ್ಲಿ ನೋಡಲು ಕಲ್ಲಿನ ತೆಳುಬಿಲ್ಲೆಯನ್ನು 0.03 ಮಿಲಿಮೀಟರ್‌ಗೆ ಉಜ್ಜಬೇಕು. ಕ್ರಾಸ್ಡ್ ಪೋಲರ್ಸ್‌ನಲ್ಲಿ (ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಧ್ರುವೀಕರಣ ಫಿಲ್ಟರ್‌ಗಳ ನಡುವೆ) ಕ್ವಾರ್ಟ್ಜ್ ಖನಿಜ ಬೂದು-ಬಿಳಿ ಕಂಡರೆ ಸರಿ, ಹಳದಿಗೆ ತಿರುಗಿದ್ದರೆ ಬಿಲ್ಲೆ ಇನ್ನೂ ದಪ್ಪ. ಆತುರಪಟ್ಟು ಜೋರಾಗಿ ಉಜ್ಜಿದಿರೋ, ಅಂಚಿನಿಂದಲೇ ಕಲ್ಲು ಮಾಯ!

ಸೇರುವ ಮುಂಚೆ ಒಂದು ಬೆಳಿಗ್ಗೆ ಲಾಲ್‌ಬಾಗ್ ಬಂಡೆ ಹತ್ತಿ. ಕೆಂಪೇಗೌಡರ ಗೋಪುರ ನೋಡಿ ಇಳಿದುಬಿಡಬೇಡಿ. ಸುಮಾರು 300 ಕೋಟಿ ವರ್ಷದ ಪೆನಿನ್ಸುಲರ್ ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರಿತ ಶಿಲೆ ಅದು. 10 ಪಟ್ಟಿನ ಲೆನ್ಸ್ ಹಿಡಿದು ಕೂತರೆ ತಿಳಿ ಪಟ್ಟೆಯಲ್ಲಿ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಕಪ್ಪು ಪಟ್ಟೆಯಲ್ಲಿ ಮಿನುಗುವ ಬಯೊಟೈಟ್ (ಕಪ್ಪು ಅಭ್ರಕ) ಸಿಗುತ್ತವೆ. ಸುತ್ತಿಗೆ ಮಾತ್ರ ಮನೆಯಲ್ಲೇ ಇರಲಿ, ಆ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಗ್ರಹವಿಜ್ಞಾನದ ಕನಸಿದ್ದರೆ ಬಿಎಸ್ಸಿಯಲ್ಲಿ ಭೌತಶಾಸ್ತ್ರ, ಗಣಿತ ಜೊತೆಗಿಟ್ಟುಕೊಳ್ಳಿ. ಚಂದ್ರನ ಕಲ್ಲನ್ನು ಓದುವುದು ಹೆಚ್ಚಾಗಿ ಅದರಿಂದ ಬರುವ ಬೆಳಕಿನ ಸ್ಪೆಕ್ಟ್ರಮ್‌ನಲ್ಲಿ (ವರ್ಣಪಟಲದಲ್ಲಿ), ಕೈಯಲ್ಲಿ ಹಿಡಿದಲ್ಲ.