ನೀರು ಸುರಿದರೆ ಎಲ್ಲಿಗೆ ಹೋಗುತ್ತೆ?

ನಾನು ಹುಟ್ಟಿದ್ದು ಮಂಡ್ಯ ಸೀಮೆಯಲ್ಲಿ. ವಿ.ಸಿ. ನಾಲೆಯ ನೀರು ಕುಡಿಯುವ ಗದ್ದೆ ಬಯಲು ನಮ್ಮದು. ನಾಟಿಗೆ ಮುಂಚೆ ಅಪ್ಪ ಎತ್ತು ಕಟ್ಟಿ ಹಲಗೆ ಹೊಡೆದು ಕೆಸರನ್ನು ಕನ್ನಡಿ ಹಾಗೆ ಮಾಡಿಬಿಡುತ್ತಿದ್ದರು. ಅಂಥ ಕಡೆ ಬೆಳೆದವನ ಕಾಲಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ನಿಂತ ನೆಲ ಮಟ್ಟಸವಾಗಿಯೇ ಇರುತ್ತೆ ಅಂತ ಅದು ನಂಬಿಬಿಟ್ಟಿರುತ್ತದೆ.

ಈ ನಂಬಿಕೆ ರಿಟೈರ್ ಆಗುವವರೆಗೂ ಚೆನ್ನಾಗಿಯೇ ನಡೆಯಿತು. ಆಮೇಲೆ ಡಾಕ್ಟರು ದಿನಾ ನಡೀರಿ ಅಂದರು. ಸುಮ್ನೆ ನಡೆಯೋದು ಅಂದರೆ ನನಗೆ ಬೇಜಾರು. ಮೈಸೂರಿನ ಗೆಳೆಯರೊಬ್ಬರು, ‘ಬನ್ನಿ, ಚೆಂಡು ಹುಡುಕ್ತಾ ನಡೆಯೋಣ’ ಅಂತ ಚಾಮುಂಡಿ ಬೆಟ್ಟದ ಬುಡದಲ್ಲಿರುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿಗೆ ಕರೆದುಕೊಂಡು ಹೋದರು. ಚಿನ್ನಿದಾಂಡು ಆಡಿದ ಕೈ, ಇದೇನು ಮಹಾ ಅನ್ನಿಸಿತು. ಚಿನ್ನಿಯಾದರೆ ಗಾಳಿಗೆ ಹಾರಿದ ಮೇಲೆ ಹೊಡೀಬೇಕು. ಇಲ್ಲಿ ಚೆಂಡು ಪಾಪ, ಸುಮ್ಮನೆ ಕೂತಿರುತ್ತೆ. ಹಾಗೆ ಕೂತ ಚೆಂಡನ್ನೇ ಹೊಡೆಯೋಕೆ ಆಗಲ್ಲ ಅಂತ ಗೊತ್ತಾಗೋಕೆ ಎರಡು ತಿಂಗಳು ಬೇಕಾಯಿತು.

ಮೈಸೂರಿನ ಆಟಕ್ಕೆ ಒಂದು ಒಳಗುಟ್ಟಿದೆ ಅಂತ ಅಲ್ಲಿನ ಹಳಬರು ಹೇಳಿಕೊಟ್ಟರು. ಗ್ರೀನ್ ಮೇಲೆ, ಅಂದರೆ ಗುಂಡಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ಚೆಂಡು ಯಾವ ಕಡೆ ತಿರುಗುತ್ತೋ ಗೊತ್ತಾಗದಿದ್ದರೆ ತಲೆ ಎತ್ತಿ ಬೆಟ್ಟ ಎಲ್ಲಿದೆ ನೋಡು. ಚೆಂಡು ಬೆಟ್ಟಕ್ಕೆ ಬೆನ್ನು ಹಾಕಿ ಹೋಗುತ್ತೆ. ಬೇರೆ ಊರಿನವರು ಬೆಟ್ಟ ನೋಡಿ ಕೈ ಮುಗಿಯುತ್ತಾರೆ, ನಾವು ಕೈ ಮುಗಿದು, ಚೆಂಡನ್ನು ಗುಂಡಿಗೆ ತಳ್ಳುವ ಕೋಲು ಪಟ್ಟರ್ ಹಿಡಿಯುತ್ತೇವೆ. ತಾಯಿ ದಯೆಯಿಂದ ನನ್ನ ಆಟ ಸುಮಾರಾಗಿ ಕುದುರಿತು. ಕುದುರಿತು ಅನ್ನೋ ಧೈರ್ಯದಲ್ಲೇ ಊಟಿಗೆ ಹೊರಟಿದ್ದು.

ಗಾಲ್ಫಿನ ಗುಂಡಿಯ ಅಗಲ ನಾಲ್ಕೂಕಾಲು ಇಂಚು. ಮೈಸೂರಿಂದ ಊಟಿಗೆ ಸುಮಾರು 125 ಕಿಲೋಮೀಟರ್. ನನ್ನ ಹೆಂಡತಿ ಇವೆರಡನ್ನೂ ಒಟ್ಟಿಗೆ ಇಟ್ಟು, ‘ಇಷ್ಟಗಲ ತೂತಿಗೆ ಅಷ್ಟು ದೂರ ಹೋಗ್ಬೇಕಾ?’ ಅಂದಳು. ಉತ್ತರ ಹೊಳೆಯದೆ ಬೆಳಗಿನ ಜಾವ ನಾಲ್ಕೂವರೆಗೇ ಕಾರು ಹತ್ತಿಬಿಟ್ಟೆ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ಕ್ಕೆ ಮುಚ್ಚಿದರೆ ತೆಗೆಯೋದು ಬೆಳಗ್ಗೆ 6ಕ್ಕೆ. ಗೇಟು ತೆಗೆಯುವಾಗ ನಾವು ನಾಲ್ಕು ಜನ ಫ್ಲಾಸ್ಕಿನ ಕಾಫಿ ಮುಗಿಸಿ ಸಿದ್ಧವಾಗಿದ್ದೆವು. ಮಸಿನಗುಡಿ ದಾಟಿ ಕಲ್ಹಟ್ಟಿ ಘಾಟಿಯ 36 ತಿರುವು ಹತ್ತಿದ ಮೇಲೆ ಕಾಫಿ ಕುಡೀಬಾರದಿತ್ತು ಅನ್ನಿಸಿತು.

ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಊಟಿಯ ಗಾಲ್ಫ್ ಮೈದಾನ ಹತ್ತಿರದಿಂದಲೂ ನುಣ್ಣಗೇ ಇದೆ. ಕಷ್ಟ ಇರೋದೇ ಅಲ್ಲಿ. ಸಮುದ್ರ ಮಟ್ಟದಿಂದ 2200 ಮೀಟರಿಗಿಂತ ಎತ್ತರದಲ್ಲಿ ಗುಡ್ಡದ ಮೇಲೆ ಗುಡ್ಡ, ಎಲ್ಲದರ ಮೇಲೂ ಹಸಿರು ಜಮಖಾನ ಹಾಸಿದ ಹಾಗೆ ಹುಲ್ಲು. ಚೆಂಡು ಎಲ್ಲಿ ಬಿತ್ತು ಅನ್ನೋದಕ್ಕೆ ಬೆಲೆಯೇ ಇಲ್ಲ. ಬಿದ್ದ ಮೇಲೆ ಎಲ್ಲಿಗೆ ಉರುಳಿತು ಅನ್ನೋದೇ ಲೆಕ್ಕ. ಅಂಚಿನಲ್ಲಿ ಹಳದಿ ಹೂವಿನ ಗಾರ್ಸ್ ಪೊದೆ. ಬ್ರಿಟಿಷರು ತಮ್ಮ ಊರಿನ ನೆನಪಿಗೆ ತಂದು ನೆಟ್ಟರೋ ಏನೋ, ಮೈಯೆಲ್ಲ ಮುಳ್ಳು. ಕಳೆದ ಚೆಂಡು ಹುಡುಕೋಕೆ ಮೊದಲು ಐದು ನಿಮಿಷ ಕೊಡುತ್ತಿದ್ದರಂತೆ. 2019ರಿಂದ ಮೂರೇ ನಿಮಿಷ. ಆ ಪೊದೆಗೆ ಕೈ ಹಾಕಿದ ಮೇಲೆ ನನಗೆ ಮೂರೂ ಜಾಸ್ತಿ ಅನ್ನಿಸಿತು.

ನಿಲ್ಲೋದು ಇನ್ನೊಂದು ಫಜೀತಿ. ಒಂದು ಸಲ ಚೆಂಡು ನನ್ನ ಮೊಣಕಾಲಿನ ಮಟ್ಟದಲ್ಲಿತ್ತು. ಇನ್ನೊಂದು ಸಲ ಪಾದಕ್ಕಿಂತ ಕೆಳಗೆ. ಚೆಂಡು ಪಾದಕ್ಕಿಂತ ಮೇಲಿದ್ದರೆ ಬಲಗೈ ಆಟಗಾರನ ಹೊಡೆತ ಎಡಕ್ಕೆ ಎಳೆಯುತ್ತೆ, ಕೆಳಗಿದ್ದರೆ ಬಲಕ್ಕೆ. ಏರಿಗೆ ಹೊಡೆದರೆ ಚೆಂಡು ಮೇಲಕ್ಕೆ ಎದ್ದು ಹತ್ತಿರದಲ್ಲೇ ಬೀಳುತ್ತೆ, ಅದಕ್ಕೆ ದೂರ ಹೊಡೆಯೋ ಕ್ಲಬ್ಬು, ಅಂದರೆ ಆಟದ ಕೋಲು, ತಗೋಬೇಕು. ಆದರೆ ಎತ್ತರದ ಊರಲ್ಲಿ ಗಾಳಿ ತೆಳು, ಚೆಂಡು ದೂರ ಹೋಗುತ್ತೆ, ಅದಕ್ಕೆ ಹತ್ತಿರದ ಕ್ಲಬ್ಬು ತಗೋಬೇಕು. ಏರಿಗೆ ಒಂದು ಕೂಡು, ಗಾಳಿಗೆ ಒಂದು ಕಳೆ. ನಾನು ಕೂಡಿ ಕಳೆದು ಸೆವೆನ್ ಐರನ್ ಅನ್ನೋ ಮಧ್ಯಮ ದೂರದ ಕೋಲು ಎತ್ತಿಕೊಂಡು ಬೀಸಿದೆ. ಹುಲ್ಲು ಹೋಯಿತು. ಚೆಂಡು ಅಲ್ಲೇ ಇತ್ತು. ಒಂದು ಕ್ಷಣ ಯೋಚನೆ ಮಾಡಿ, ತಾನಾಗಿಯೇ ಹಿಂದಕ್ಕೆ ಉರುಳಿ ನನ್ನ ಬೂಟಿನ ಪಕ್ಕ ಬಂದು ನಿಂತಿತು. ಸಾಕಿದ ನಾಯಿ ಹಾಗೆ.

ಕ್ಯಾಡಿ ಆಗಿ, ಅಂದರೆ ಕೋಲಿನ ಚೀಲ ಹೊತ್ತು ಸಲಹೆ ಕೊಡೋಕೆ, ಬಂದವರು ಸುಮಾರು ನನ್ನ ವಯಸ್ಸಿನವರೇ, ನೀಲಗಿರಿಯ ಬಡಗ ಸಮುದಾಯದವರು. ಅವರ ಮಾತು ಕೇಳಿದರೆ ನಮ್ಮ ಕನ್ನಡವೇ ಚಳಿಗೆ ಮುದುಡಿಕೊಂಡ ಹಾಗೆ. ಅರ್ಧ ತಿಳಿಯುತ್ತೆ, ಉಳಿದರ್ಧ ಕೈಸನ್ನೆಯಲ್ಲಿ ಆಗುತ್ತೆ. ನನ್ನ ಜೊತೆ ಮಾತ್ರ ಮೈಸೂರು ಕನ್ನಡವನ್ನೇ ಆಡುತ್ತಿದ್ದರು. ಒಂಬತ್ತನೇ ಗ್ರೀನ್ ಮೇಲೆ ನಾನು ಅಭ್ಯಾಸಬಲದಿಂದ ತಲೆ ಎತ್ತಿ ಬೆಟ್ಟ ಹುಡುಕಿದೆ. ನಾಲ್ಕೂ ಕಡೆ ಬೆಟ್ಟ. ಯಾವುದಕ್ಕೆ ಬೆನ್ನು ಹಾಕೋದು? ಅವರು ನಗುತ್ತಾ ಕೂತರು. ‘ಸಾರ್, ಇಲ್ಲಿ ಒಂದು ಬಿಂದಿಗೆ ನೀರು ಸುರಿದ್ರೆ ಎಲ್ಲಿಗೆ ಹೋಗುತ್ತೆ?’

ನಾನು ಪಟ್ಟರ್ ಕೆಳಗಿಟ್ಟು ಅವರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. ಅಪ್ಪ ಹೀಗೇ ಕೂರುತ್ತಿದ್ದರು. ತೂಬು ತೆಗೆದು ನೀರು ಬಿಟ್ಟು, ಬದುವಿನ ಮೇಲೆ ಬೀಡಿ ಹಚ್ಚಿಕೊಂಡು, ಒಂದು ಕಣ್ಣು ಸಣ್ಣ ಮಾಡಿ ನೋಡುತ್ತಾ. ನಮಗೆಲ್ಲ ಮಟ್ಟಸ ಕಂಡ ಗದ್ದೆಯಲ್ಲಿ ಅವರಿಗೆ ಹಳ್ಳ ತಿಟ್ಟು ಕಾಣುತ್ತಿತ್ತು. ‘ಅಕ್ಕೋ, ಆ ಮೂಲೆಗೆ ಏರಕ್ಕಿಲ್ಲ ನೀರು’ ಅಂತ ಎದ್ದು ಎರಡು ಗುದ್ದಲಿ ಮಣ್ಣು ತೆಗೆದರೆ ನೀರು ಹೇಳಿದ ಹಾಗೆ ಕೇಳುತ್ತಿತ್ತು. ಹಾಗೆ ನೋಡಿದಾಗ ಗ್ರೀನ್ ಮೇಲೂ ಒಂದು ಕಾಣದ ಕಾಲುವೆ ಕಂಡಿತು. ಮೊದಲು ಬಲಕ್ಕೆ, ಆಮೇಲೆ ಸ್ವಲ್ಪ ಎಡಕ್ಕೆ, ಗುಂಡಿಯ ಬಾಯಿಗೆ. ಮೆತ್ತಗೆ ತಳ್ಳಿದೆ. ಚೆಂಡು ಆ ಕಾಲುವೆಯಲ್ಲೇ ಹೋಗಿ ಗುಂಡಿಗೆ ಬಿದ್ದು ಟಕ್ ಅಂತು.

ಅದೊಂದೇ. ಉಳಿದ ಗುಂಡಿಗಳ ಬಗ್ಗೆ ಬರೆದು ಮರ್ಯಾದೆ ಕಳೆದುಕೊಳ್ಳೋಕೆ ಇಷ್ಟ ಇಲ್ಲ. ಒಟ್ಟು ಏಳು ಚೆಂಡು ನೀಲಗಿರಿಗೆ ಕೊಟ್ಟು ಬಂದೆ. ರಾತ್ರಿ 9ರ ಒಳಗೆ ಗೇಟು ದಾಟಬೇಕಲ್ಲ, ವಾದ ಮಾಡೋಕೂ ಪುರುಸೊತ್ತಿರಲಿಲ್ಲ.

ಮುಂದಿನ ಭಾನುವಾರ ಊರಿಗೆ ಹೋಗಿದ್ದೆ. ಈಗ ಗದ್ದೆ ನೋಡಿಕೊಳ್ಳೋದು ತಮ್ಮ. ಒಂದು ಮೂಲೆಗೆ ನೀರು ಹತ್ತುತ್ತಿಲ್ಲ ಅಂತ ಗೊಣಗುತ್ತಿದ್ದ. ನಾನು ಬದುವಿನ ಮೇಲೆ ಕೂತು, ಒಂದು ಕಣ್ಣು ಸಣ್ಣ ಮಾಡಿ, ಎರಡು ನಿಮಿಷ ನೋಡಿದೆ. ‘ಅಲ್ಲಿ ಒಂದು ಗೇಣು ತಿಟ್ಟಿದೆ ನೋಡು’ ಅಂದೆ. ಅವನು ಅನುಮಾನದಿಂದಲೇ ಗುದ್ದಲಿ ಕೊಟ್ಟ. ನಾನು ಕೆಸರಿಗೆ ಇಳಿದು, ಕಾಲು ಅಗಲ ಮಾಡಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿ ಸರಿ ಮಾಡಿಕೊಂಡು ನಿಂತೆ.

‘ಅಣ್ಣ, ಅದನ್ನ ಮೇಲಿಂದ ಹಾಕ್ಬೇಕು,’ ಅಂದ ತಮ್ಮ. ‘ಪಕ್ಕದಿಂದ ಬೀಸಬ್ಯಾಡ, ನನ್ನ ಕಾಲದೆ ಇಲ್ಲಿ.’