ಸಮುದ್ರ ಕಾಣದ ಸಮುದ್ರದ ರೂಮು

ಪೆರುವಿಗೆ ಹೋಗಿ ಮಾಚು ಪಿಚು ನೋಡದೆ ವಾಪಸ್ ಬಂದವರು ನಾನು ಮತ್ತು ಅಮ್ಮ. ಯಾರಿಗಾದರೂ ಹೇಳಿದರೆ ಅಯ್ಯೋ ಪಾಪ ಅನ್ನೋ ಮುಖ ಮಾಡ್ತಾರೆ. ಮೈಸೂರಿಗೆ ಹೋಗಿ ಬಸ್ ಸ್ಟ್ಯಾಂಡಲ್ಲಿ ಕಾಫಿ ಕುಡಿದು ಬಂದ ಹಾಗಾಯ್ತು ಅಂತ ಒಬ್ಬ ಗೆಳತಿ ಅಂದೇ ಬಿಟ್ಟಳು. ಕಾರಣ ಇಷ್ಟೇ. ಅಮ್ಮನಿಗೆ 71, ಬಿಪಿ ಇದೆ. ಮಾಚು ಪಿಚುಗೆ ಹೋಗೋರು ಕುಸ್ಕೋ ಅನ್ನೋ ಊರಿನ ಮೂಲಕ ಹೋಗಬೇಕು. ಅದು ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಡಾಕ್ಟರು ಬೇಡ ಅಂದರು. ಸರಿ, ಐದು ರಾತ್ರಿ ರಾಜಧಾನಿ ಲಿಮಾದಲ್ಲೇ ಇರೋಣ, ಒಂದೇ ಹೋಟೆಲಲ್ಲಿ, ಎಲ್ಲೂ ಓಡೋದು ಬೇಡ ಅಂದುಕೊಂಡೆವು.

ನಾನಿರೋದು ಹ್ಯೂಸ್ಟನ್‌ನಲ್ಲಿ. ಅಮ್ಮ ತೀರ್ಥಹಳ್ಳಿಯಿಂದ ನನ್ನ ಹತ್ತಿರ ಬಂದಿದ್ದಳು. ಅಮ್ಮನ ಪಾಸ್‌ಪೋರ್ಟಲ್ಲಿ ಅಮೆರಿಕದ ವೀಸಾ ಇತ್ತು. ಅದಕ್ಕಿನ್ನೂ ಆರು ತಿಂಗಳಾದರೂ ಅವಧಿ ಉಳಿದಿದ್ದರೆ ನಮ್ಮ ಪಾಸ್‌ಪೋರ್ಟಿನವರಿಗೆ ಪೆರು ಬೇರೆ ವೀಸಾ ಕೇಳೋದಿಲ್ಲ. ಆಸೆ ಹುಟ್ಟಿದ್ದೇ ಅಲ್ಲಿಂದ.

ಹೋಟೆಲ್ ಇದ್ದದ್ದು ಬರಾಂಕೋದಲ್ಲಿ. ಲಿಮಾದ ದಕ್ಷಿಣಕ್ಕೆ, ಸಮುದ್ರದ ಮೇಲಿನ ಬಂಡೆಯಂಚಿನಲ್ಲಿ ಇರುವ ಹಳೇ ಬಡಾವಣೆ ಅದು. ನೂರು ವರ್ಷಕ್ಕೂ ಹಿಂದೆ ಲಿಮಾದ ಸಿರಿವಂತರು ಬೇಸಿಗೆಗೆ ಸಮುದ್ರಸ್ನಾನಕ್ಕೆ ಅಂತ ಇಲ್ಲಿ ಮನೆ ಕಟ್ಟಿಸಿಕೊಳ್ಳುತ್ತಿದ್ದರು. ಅಂಥ ದೊಡ್ಡ ಮನೆಗೆ ಕಸೋನಾ ಅಂತಾರೆ. ನಾವಿದ್ದದ್ದು ಅಂಥದ್ದೇ ಒಂದರಲ್ಲಿ, ಹತ್ತೇ ರೂಮು. ಬೊಟೀಕ್ ಹೋಟೆಲ್ ಅಂತ ಬೋರ್ಡು. ಅಮ್ಮನಿಗೆ ಬೊಟೀಕ್ ಅಂದರೆ ಬ್ಲೌಸ್ ಹೊಲಿಸೋ ಜಾಗ. ಒಳಗೆ ಬಂದು ಎರಡು ದಿನ ಆದ ಮೇಲೂ "ನಿನ್ನ ಬ್ಲೌಸಿನ ಅಂಗಡಿ" ಅಂತಲೇ ಕರೀತಿದ್ದಳು. ಹೋಟೆಲ್ ಹೆಸರು ಇಲ್ಲಿ ಹಾಕೋದಿಲ್ಲ. ಬೈಯೋದೂ ಇದೆ.

ಬೈಯೋದನ್ನೇ ಮೊದಲು ಮುಗಿಸ್ತೀನಿ. ಬುಕ್ ಮಾಡುವಾಗ "ಸಮುದ್ರ ಕಾಣುವ ರೂಮು" ಅಂತ ಒಂದಿತ್ತು, ರಾತ್ರಿಗೆ 35 ಡಾಲರ್ ಜಾಸ್ತಿ. ಅಮ್ಮ ಪೆಸಿಫಿಕ್ ನೋಡಲಿ ಅಂತ ಅದನ್ನೇ ತಗೊಂಡೆ. ಆಗಸ್ಟ್ ಮೊದಲ ವಾರ. ಮಹಡಿ ಮೇಲಿನ ರೂಮು, ಗೋಡೆ ತುಂಬ ಕಿಟಕಿ, ಎರಡು ಬೆತ್ತದ ಕುರ್ಚಿ. ಪರದೆ ಸರಿಸಿದರೆ ಬಿಳಿ. ಬಿಳಿಯೂ ಅಲ್ಲ, ಅಕ್ಕಿ ತೊಳೆದ ನೀರಿನ ಬಣ್ಣ. ಸಮುದ್ರವೂ ಇಲ್ಲ, ಆಕಾಶವೂ ಇಲ್ಲ. ಕೆಳಗೆಲ್ಲೋ ಅಲೆ ಕಲ್ಲು ಎಳೆದುಕೊಂಡು ಹೋಗೋ ಗರಗರ ಸದ್ದು ಮಾತ್ರ. ಸಂಜೆ ಸರಿ ಹೋಗುತ್ತೇನೋ ಅಂದುಕೊಂಡೆ. ಮರುದಿನವೂ ಹಾಗೇ.

ಬೆಳಗಿನ ರಿಸೆಪ್ಷನ್ ಹುಡುಗಿಯನ್ನು ಕೇಳಿದರೆ ನಕ್ಕಳು. "ಇದು ಪಾನ್ಸ ದೆ ಬುರ್ರೊ" ಅಂದಳು. ಕತ್ತೆಯ ಹೊಟ್ಟೆ. ಜೂನ್‌ನಿಂದ ಹೆಚ್ಚುಕಮ್ಮಿ ನವೆಂಬರ್‌ವರೆಗೆ ಲಿಮಾದ ಆಕಾಶಕ್ಕೆ ಊರವರು ಇಟ್ಟ ಹೆಸರು. ಕತ್ತೆಯ ಕೆಳಗೆ ನಿಂತು ಮೇಲೆ ನೋಡಿದರೆ ಹೇಗೋ ಹಾಗೆ. ಹೆಸರು ಇಟ್ಟವರಿಗೆ ನಮಸ್ಕಾರ. ಆದರೆ ಇದು ಊರಿಗೆಲ್ಲ ಗೊತ್ತಿರೋ ವಿಷಯ ತಾನೇ? ಆಗಸ್ಟಲ್ಲಿ ಸಮುದ್ರದ ಹೆಸರಲ್ಲಿ 35 ಡಾಲರ್ ತಗೊಳ್ಳೋದು ಯಾವ ನ್ಯಾಯ? ಅಮಾವಾಸ್ಯೆ ದಿನ ಬೆಳದಿಂಗಳ ಊಟಕ್ಕೆ ಟಿಕೆಟ್ ಮಾರಿದ ಹಾಗಾಯ್ತು.

ಇದು ಯಾಕೆ ಹೀಗೆ ಅನ್ನೋದು ಮಾತ್ರ ಮಜಾ ಇದೆ. ಲಿಮಾ ಸಮಭಾಜಕದಿಂದ ದಕ್ಷಿಣಕ್ಕೆ 12 ಡಿಗ್ರಿ. ಮೈಸೂರು ಉತ್ತರಕ್ಕೆ 12 ಡಿಗ್ರಿ. ಲೆಕ್ಕದ ಪ್ರಕಾರ ಇಬ್ಬರಿಗೂ ಒಂದೇ ಥರ ಬಿಸಿಲು, ಒಂದೇ ಥರ ಮಳೆ ಇರಬೇಕಿತ್ತು. ಆದರೆ ಇಲ್ಲಿ ದಕ್ಷಿಣದಿಂದ ತಣ್ಣೀರು ಹೊತ್ತು ತರೋ ಹಂಬೋಲ್ಟ್ ಪ್ರವಾಹ ಕರಾವಳಿಗೆ ಅಂಟಿಕೊಂಡೇ ಹರಿಯುತ್ತೆ. ನೀರಿಗೆ ತಾಗಿದ ಗಾಳಿ ತಣ್ಣಗಾಗಿ ಕೆಳಗೇ ಕೂತುಬಿಡುತ್ತೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕುತ್ತೆ. ಮೋಡ ಹುಟ್ಟುತ್ತೆ, ಆದರೆ ಮೇಲೇರೋದಿಲ್ಲ. ಮೇಲೇರದ ಮೋಡ ಮಳೆ ಆಗೋದಿಲ್ಲ. ವರ್ಷಕ್ಕೆ ಎರಡು ಸೆಂಟಿಮೀಟರ್ ಮಳೆಯೂ ಬೀಳದ ಮರುಭೂಮಿ ಊರಿನಲ್ಲಿ ಗಾಳಿ ಮಾತ್ರ ಹಿಂಡಿದರೆ ನೀರು ಬರೋ ಹಾಗಿರುತ್ತೆ. ಊರಂಚಿನ ಗುಡ್ಡದ ಮೇಲಿರೋ ಬಡವರು ನಿಜವಾಗಿಯೂ ಹಿಂಡ್ತಾರೆ. ದೊಡ್ಡ ಬಲೆ ಕಟ್ಟಿ, ಮಂಜು ಅದಕ್ಕೆ ತಾಗಿ ಹನಿಯಾಗಿ ಇಳಿದದ್ದನ್ನು ಡ್ರಮ್ಮಿಗೆ ಹಿಡಿದುಕೊಳ್ತಾರೆ.

ಈ ಮಂಜಿನ ತುಂತುರಿಗೆ ಗರೂವಾ ಅಂತಾರೆ. ಗರೂವಾ ಬಿದ್ದಾಗ ಊರವರು ಕಾಲರ್ ಎತ್ತಿಕೊಂಡು ಓಡ್ತಾರೆ. ಆಗುಂಬೆ ಪಕ್ಕದ ನಮ್ಮಮ್ಮ ರಸ್ತೆ ಮಧ್ಯೆ ಕೈ ಚಾಚಿ ನಿಂತು, "ಇದೆಂತ ಮಳೆ ಮಾರಾಯ್ತಿ, ಸೆರಗು ಒದ್ದೆ ಮಾಡೋ ಯೋಗ್ಯತೆನೂ ಇಲ್ಲ" ಅಂದಳು. ಆದರೆ ಮೂರನೇ ದಿನಕ್ಕೆ ಸೂಟ್‌ಕೇಸಿನಲ್ಲಿದ್ದ ಸೀರೆ ಮೂಸಿ ನೋಡಿದವಳೇ ಸುಮ್ಮನಾದಳು. ಆಷಾಢದ ಮುಗ್ಗುಲು ವಾಸನೆ. ಮಳೆ ಇಲ್ಲ, ಮುಗ್ಗುಲು ಇದೆ. ಆ ರೂಮಲ್ಲಿ ಹೀಟರೂ ಇರಲಿಲ್ಲ. ಕಿಟಕಿ ಜಾಸ್ತಿ ಇದ್ದಷ್ಟೂ ಚಳಿ ಜಾಸ್ತಿ, ಅದೇ ಸಮುದ್ರದ ರೂಮಿನ ಲಾಭ.

ಎರಡನೇ ರಾತ್ರಿಯೇ ಅಮ್ಮನಿಗೆ ಸೀನು ಶುರುವಾಗಿತ್ತು. ಬಿಸಿನೀರು ಕೇಳೋಣ ಅಂತ ಹನ್ನೊಂದು ಗಂಟೆಗೆ ಕೆಳಗೆ ಹೋದೆ. ರಾತ್ರಿ ಪಾಳಿಗೆ ಒಬ್ಬರು ಅರವತ್ತರ ಆಸುಪಾಸಿನವರು ಇರುತ್ತಿದ್ದರು, ದಪ್ಪ ಸ್ವೆಟರ್ ಹಾಕಿಕೊಂಡು, ರೇಡಿಯೋ ಸಣ್ಣಗೆ ಹಚ್ಚಿಕೊಂಡು. ಅವರಿಗೆ ಇಂಗ್ಲಿಷ್ ಬರೋದಿಲ್ಲ. ನನಗೆ ಬರೋ ಸ್ಪ್ಯಾನಿಷ್ ಟೆಕ್ಸಾಸಿನ ಅಂಗಡಿ ಸ್ಪ್ಯಾನಿಷ್. ನಾನು ಸೀನಿ ತೋರಿಸಿದೆ. ಅವರು ಒಂದು ಬೆರಳೆತ್ತಿ, ಇರಿ ಅಂದು, ನನ್ನನ್ನು ಒಳಗೇ ಬಿಟ್ಟು ಬೀಗ ಹಾಕಿಕೊಂಡು ಹೊರಗೆ ಹೋದರು. ಹತ್ತು ನಿಮಿಷ ಆದ ಮೇಲೆ ಬಂದಾಗ ಕೈಯಲ್ಲಿ ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲ, ಅದರಲ್ಲೊಂದು ಸ್ಟ್ರಾ. ಒಳಗೆ ಕಂದು ಬಣ್ಣದ್ದು ಏನೋ, ಕೈ ಸುಡುವಷ್ಟು ಬಿಸಿ. "ಎಮೋಲಿಯೆಂತೆ" ಅಂದರು.

ಇದು ಲಿಮಾದ ತಳ್ಳುಗಾಡಿ ಕಷಾಯ. ಬೆಳಗಿನ ಜಾವ ಮತ್ತು ರಾತ್ರಿ ಮೂಲೆಮೂಲೆಯಲ್ಲಿ ಮಾರ್ತಾರೆ. ಹುರಿದ ಬಾರ್ಲಿ, ಅಗಸೆ ಬೀಜ, ಒಂದಷ್ಟು ಸೊಪ್ಪು ಬೇರು, ಕೊನೆಗೆ ನಿಂಬೆಹಣ್ಣು. ಅಗಸೆಯಿಂದ ಲೋಳೆಲೋಳೆ ಎಳೆ ಬರುತ್ತೆ. ಅಮ್ಮ ಹಾಸಿಗೆ ಮೇಲೆ ಕೂತು, ಶಾಲು ಹೊದ್ದು, ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಹೀರಿದಳು. ಅರ್ಧ ಆದ ಮೇಲೆ ತೀರ್ಪು ಬಂತು. "ಒಳ್ಳೇದೇ ಇದೆ. ನಾಲ್ಕು ಕಾಳುಮೆಣಸು ಜಜ್ಜಿ ಹಾಕಿದ್ರೆ ಸರಿಹೋಗ್ತಿತ್ತು." ದುಡ್ಡು ಕೊಡಲು ಹೋದರೆ ಅವರು ತಗೊಳ್ಳಲಿಲ್ಲ. ಮರುರಾತ್ರಿ ನಾವು ಇಳಿದು ಬರೋ ಮುಂಚೆಯೇ ಮೇಜಿನ ಮೇಲೆ ಎರಡು ಚೀಲ ಇತ್ತು. ಚೈನ್ ಹೋಟೆಲ್ಲಾಗಿದ್ದರೆ ಮೇಜು ಬಿಟ್ಟು ಹೋದದ್ದಕ್ಕೆ ಆ ಮನುಷ್ಯನಿಗೆ ಮೆಮೋ ಸಿಗ್ತಿತ್ತು.

ರೂಮು ಬದಲಿಸಿಕೊಟ್ಟವರೂ ಅವರೇ. ಹಿಂದಿನ ಅಂಗಳದ ಕಡೆ, ಅಡುಗೆಮನೆ ಪಕ್ಕ, ಕಿಟಕಿಯೇ ಇಲ್ಲದ ಒಂದು ರೂಮು ಖಾಲಿ ಇತ್ತು. ಎಲ್ಲಕ್ಕಿಂತ ಅಗ್ಗದ್ದು. ಕಿಟಕಿ ಇಲ್ಲ ಅಂದರೆ ಕತ್ತಲೆ ಅಂದುಕೊಂಡಿದ್ದೆ. ಮೇಲೆ ನೋಡಿದರೆ, ಚಾವಣಿಯಲ್ಲಿ ಪೆಟ್ಟಿಗೆ ಥರ ಎದ್ದ ಒಂದು ಬೆಳಕಿಂಡಿ. ತೆಯಾತಿನಾ ಅಂತಾರಂತೆ. ಹಳೇ ಲಿಮಾದ ಮನೆಗಳಲ್ಲೆಲ್ಲ ಇದು ಇರುತ್ತೆ. ಸಮುದ್ರದ ಗಾಳಿ ಬರೋ ದಿಕ್ಕಿಗೆ ಬಾಯಿ ತೆರೆದು, ಬೆಳಕು ಗಾಳಿ ಎರಡನ್ನೂ ಕೆಳಕ್ಕೆ ಇಳಿಸುತ್ತೆ. ಹಗ್ಗ ಎಳೆದರೆ ಮುಚ್ಚಿಕೊಳ್ಳುತ್ತೆ. ಸೂರ್ಯ ಕಾಣದ ಊರಲ್ಲೂ ಮಧ್ಯಾಹ್ನ ಮಂಚದ ಮೇಲೆ ಒಂದು ಚೌಕ ಬೆಳಕು ಬಿದ್ದಿರುತ್ತಿತ್ತು. ಅಮ್ಮ ಅಲ್ಲಿಗೆ ಸೀರೆ ಹರಡೋಕೆ ಶುರು ಮಾಡಿದಳು.

ಮನೆಯ ಒಳಗೋಡೆಗಳು ಕಿಂಚಾದವು. ಮರದ ಚೌಕಟ್ಟು, ಅದಕ್ಕೆ ಬೆತ್ತದಂಥ ಕಡ್ಡಿಯ ತಟ್ಟಿ, ಮೇಲೆ ಮಣ್ಣಿನ ಮೆತ್ತಿಗೆ. ನಮ್ಮ ಮಲೆನಾಡಿನ ತಟ್ಟಿಗೋಡೆಯ ಅಣ್ಣನೋ ತಮ್ಮನೋ. 1746ರ ಭೂಕಂಪದಲ್ಲಿ ಲಿಮಾ ನೆಲಸಮವಾದ ಮೇಲೆ ಮಹಡಿ ಕಟ್ಟೋರು ಮಣ್ಣಿನ ಇಟ್ಟಿಗೆ ಬಿಟ್ಟು ಕಿಂಚಾಕ್ಕೆ ಬಂದರು. ಭೂಮಿ ಅಲುಗಿದರೆ ಗೋಡೆಯೂ ಜೊತೆಗೆ ಅಲುಗುತ್ತೆ, ಮುರಿದು ಬೀಳೋದಿಲ್ಲ. ಹಜಾರದ ಕಂಬದ ಹತ್ತಿರ ಹಸಿರು ಬಣ್ಣದಲ್ಲಿ ದೊಡ್ಡದಾಗಿ 'ಎಸ್' ಅಂತ ಒಂದು ಫಲಕ. ನಡುಗಿದಾಗ ನಿಲ್ಲಬೇಕಾದ ಜಾಗ. ಇಂಥ ಫಲಕ ಲಿಮಾದ ಎಲ್ಲಾ ಕಟ್ಟಡದಲ್ಲೂ ಕಾಣುತ್ತೆ. ಅಮ್ಮ ದಿನಾ ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂರೋಳು.

ಕಿಂಚಾ ಗೋಡೆಯ ತೊಂದರೆ ಅಂದರೆ ಶಬ್ದ. ಪಕ್ಕದ ರೂಮಿನ ಜರ್ಮನ್ ಗಂಡ ಹೆಂಡತಿ ಎಷ್ಟು ಗಂಟೆಗೆ ಅಲಾರಂ ಇಟ್ಟಿದ್ದಾರೆ ಅನ್ನೋದು ನಮಗೂ ಗೊತ್ತು. ಅಮ್ಮ ಊರಿಗೆ ಫೋನ್ ಮಾಡಿ ಅಣ್ಣನ ಹತ್ತಿರ ಕಿರುಚಿ ಮಾತಾಡಿದ್ದು ಅವರಿಗೂ ಗೊತ್ತು. ಲಿಮಾಕ್ಕೂ ನಮಗೂ ಹತ್ತೂವರೆ ಗಂಟೆ ವ್ಯತ್ಯಾಸ. ಇಲ್ಲಿ ರಾತ್ರಿ ಎಂಟೂವರೆ ಅಂದರೆ ಅಲ್ಲಿ ಬೆಳಗಿನ ಏಳು. "ಹೊಳೆ ಎಷ್ಟು ಬಂದಿದೆಯೋ?" ಅಂತ ದಿನಾ ಅದೇ ಪ್ರಶ್ನೆ.

ಇನ್ನು ಕಾಫಿ. ಅಮ್ಮ ಹ್ಯೂಸ್ಟನ್‌ನಿಂದ ಫಿಲ್ಟರು, ಪುಡಿ ಎರಡೂ ತಂದಿದ್ದಳು. ಮೊದಲ ದಿನ ತಿಂಡಿಗೆ ಕೂತಾಗ ಮೇಜಿಗೆ ಒಂದು ಪುಟ್ಟ ಹೂಜಿ ಬಂತು, ಜೊತೆಗೆ ಬಿಸಿ ಹಾಲು. ಹೂಜಿಯಲ್ಲಿ ಕಪ್ಪಗೆ, ಗಟ್ಟಿ. ಅಮ್ಮ ಮೂಸಿದವಳೇ ಎದ್ದು ಸೀದಾ ಅಡುಗೆಮನೆಗೆ ನಡೆದಳು. ನಾನು ಹಿಂದೆ ಓಡಿದೆ. ಅಡುಗೆಯ ಹೆಂಗಸು ಹೆದರಿಬಿಟ್ಟಿದ್ದರು. ಕಟ್ಟೆ ಮೇಲೆ ಎರಡು ಅಂತಸ್ತಿನ ಪಾತ್ರೆ. ಮೇಲೆ ಪುಡಿ, ತಳದಲ್ಲಿ ತೂತು, ಕೆಳಗೆ ತೊಟ್ಟುತೊಟ್ಟಾಗಿ ಇಳಿದ ಡಿಕಾಕ್ಷನ್. ಕಫೇ ಪಸಾದೊ ಅಂತಾರೆ. ಹಿಂದಿನ ರಾತ್ರಿಯೇ ಇಳಿಸಿಟ್ಟಿರ್ತಾರೆ. ಚಿಕೋರಿ ಇಲ್ಲ, ಅಷ್ಟೇ ವ್ಯತ್ಯಾಸ. ಅಮ್ಮ ತನ್ನ ಸ್ಟೀಲ್ ಫಿಲ್ಟರ್ ತಂದು ಅದರ ಪಕ್ಕದಲ್ಲಿಟ್ಟಳು. ಇಬ್ಬರೂ ಒಬ್ಬರ ಪಾತ್ರೆ ಇನ್ನೊಬ್ಬರು ಎತ್ತಿ, ತೂತು ಎಣಿಸುವವರ ಹಾಗೆ ಬೆಳಕಿಗೆ ಹಿಡಿದು ನೋಡಿದರು. ಅಲ್ಲಿಂದ ಮುಂದೆ ಅವರಿಬ್ಬರ ಮಧ್ಯೆ ನಾನು ಬೇಕಾಗಲಿಲ್ಲ. ಅವರು ಅಮ್ಮನನ್ನು "ಮಮಿತಾ" ಅಂತ ಕರೆಯೋರು, ಅಮ್ಮ ಅವರಿಗೆ ಕನ್ನಡದಲ್ಲೇ ಉತ್ತರ ಕೊಡೋಳು.

ಸಸ್ಯಾಹಾರಿಗಳು ಏನು ತಿಂದಿರಿ ಅಂತ ಕೇಳೋರಿಗೆ: ಆಲೂಗಡ್ಡೆ. ಅದರ ತವರೇ ಈ ದೇಶ. ಸಾವಿರಾರು ಬಗೆ ಇದೆ. 1971ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಆಲೂಗಡ್ಡೆ ಸಂಶೋಧನಾ ಕೇಂದ್ರ ಇರೋದೂ ಲಿಮಾದಲ್ಲೇ. ಬೇಯಿಸಿದ ಆಲೂಗಡ್ಡೆ ಮೇಲೆ ಹಳದಿ ಮೆಣಸಿನಕಾಯಿ, ಚೀಸ್ ರುಬ್ಬಿದ ಸಾಸ್ ಸುರಿದು ಕೊಡ್ತಾರೆ. ಮೇಲಿನ ಮೊಟ್ಟೆ ಬೇಡ ಅನ್ನಬೇಕು. ಸಂಜೆ ಪಿಕರೋನೆಸ್. ಸಿಹಿಗೆಣಸು, ಕುಂಬಳಕಾಯಿ ಹಿಟ್ಟನ್ನು ಉದ್ದಿನ ವಡೆ ಥರ ತೂತು ಮಾಡಿ ಕರಿದು, ಚಂಕಾಕಾ ಪಾಕ ಸುರೀತಾರೆ. ಚಂಕಾಕಾ ಅಂದರೆ ನಮ್ಮ ಬೆಲ್ಲವೇ. ಮೀನು ತಿನ್ನೋರು ಸೆವಿಚೆಯನ್ನು, ಅಂದರೆ ನಿಂಬೆರಸದಲ್ಲಿ ನೆನೆಸಿದ ಹಸಿ ಮೀನನ್ನು, ಮಧ್ಯಾಹ್ನವೇ ತಿನ್ನಿ, ಊರವರು ರಾತ್ರಿಗೆ ಅದನ್ನು ಮುಟ್ಟೋದು ಕಮ್ಮಿ. ನನಗೆ ಗೊತ್ತಿರೋದು ಅಷ್ಟೇ.

ಬಾತ್‌ರೂಮಿನ ವಿಷಯ ಯಾರೂ ಬರೆಯಲ್ಲ, ನಾನು ಬರೀತೀನಿ. ಜೆಟ್ ಇಲ್ಲ. ಪೇಪರ್ ಕಮೋಡಿಗೆ ಹಾಕೋ ಹಾಗಿಲ್ಲ, ಪೈಪು ಕಟ್ಟಿಕೊಳ್ಳುತ್ತೆ, ಪಕ್ಕದ ಬುಟ್ಟಿಗೇ ಹಾಕಬೇಕು. ಅಮ್ಮ ಚೊಂಬು ಕೇಳು ಅಂದಳು. ಚೊಂಬಿಗೆ ಸ್ಪ್ಯಾನಿಷಲ್ಲಿ ಏನಂತಾರೆ? ಕೊನೆಗೆ ಅಂಗಳದ ಹೂಕುಂಡಕ್ಕೆ ನೀರು ಹಾಕೋ ಪುಟ್ಟ ಹಸಿರು ಕ್ಯಾನು ತೋರಿಸಿ ಕೇಳಿದೆ. ಬೆಳಗಿನ ಹುಡುಗಿ ನಮ್ಮ ರೂಮಲ್ಲಿ ಗಿಡ ಇಲ್ಲವಲ್ಲ ಅಂದಳು. ಕೊಡಮ್ಮ ಸಾಕು ಅಂದೆ.

ತಿರುಗಾಡಿದ್ದು ಕಮ್ಮಿ. ನಿಟ್ಟುಸಿರಿನ ಸೇತುವೆ ಅಂತ 1876ರ ಮರದ ಸೇತುವೆ ಹತ್ತಿರದಲ್ಲೇ ಇದೆ. ಉಸಿರು ಬಿಗಿಹಿಡಿದು ದಾಟಿದರೆ ಅಂದುಕೊಂಡದ್ದು ಆಗುತ್ತಂತೆ, ಅಮ್ಮ ನಡುವೆಯೇ ಕೆಮ್ಮಿದಳು. ಇದನ್ನು ಕಟ್ಟಿ ಐದು ವರ್ಷಕ್ಕೆ, 1881ರ ಜನವರಿಯಲ್ಲಿ, ಚಿಲಿಯ ಸೈನ್ಯ ಬರಾಂಕೋಗೆ ಬೆಂಕಿ ಇಟ್ಟಿತ್ತು. ಈಗ ನೋಡೋ ಚೆಂದದ ಮನೆಗಳಲ್ಲಿ ಹೆಚ್ಚಿನವು ಆಮೇಲಿನವು.

ಪಕ್ಕದ ಮಿರಾಫ್ಲೋರೆಸ್‌ನಲ್ಲಿ ವಾಕಾ ಪುಕ್ಯಾನಾ ಇದೆ. ಸಾವಿರದೈನೂರು ವರ್ಷದಷ್ಟು ಹಳೆಯ, ಹಸಿ ಇಟ್ಟಿಗೆಯ ದೊಡ್ಡ ದಿಬ್ಬ. ಸುಟ್ಟ ಇಟ್ಟಿಗೆಯಲ್ಲ, ಬರೀ ಮಣ್ಣು. ಇಟ್ಟಿಗೆಗಳನ್ನು ಮಲಗಿಸಿಲ್ಲ, ಕಪಾಟಿನ ಪುಸ್ತಕದ ಥರ ಸಾಲಾಗಿ ನಿಲ್ಲಿಸಿದ್ದಾರೆ. ನಡುವೆ ಚೂರುಚೂರು ಸಂದು. ಭೂಮಿ ನಡುಗಿದಾಗ ಒಂದಕ್ಕೊಂದು ಸರಿದು ಮತ್ತೆ ಕೂರಲಿ ಅಂತ. ಮೇಲೆ ಮಾಡು ಇಲ್ಲ, ಹಂಚು ಇಲ್ಲ. "ನಮ್ಮಲ್ಲಾದ್ರೆ ಒಂದೇ ಪುನರ್ವಸು ಮಳೆಗೆ ಗದ್ದೆ ಆಗ್ತಿತ್ತು" ಅಂದಳು ಅಮ್ಮ. ಆ ಹೊತ್ತಿಗೆ ಗರೂವಾದ ಮೇಲಿದ್ದ ಅವಳ ತಾತ್ಸಾರ ಸ್ವಲ್ಪ ಇಳಿದಿತ್ತು.

ಕೊನೆಯ ಬೆಳಗ್ಗೆ ಬಿಲ್ಲಿನ ಗಲಾಟೆ. ಬಿಲ್ಲಿಗೆ ಐಜಿವಿ ಅಂತ ನಮ್ಮ ಜಿಎಸ್‌ಟಿ ಥರದ ತೆರಿಗೆ 18% ಸೇರಿಸಿದ್ದರು. ಪೆರುವಿನಲ್ಲಿ 60 ದಿನಕ್ಕಿಂತ ಕಮ್ಮಿ ಇರೋ ವಿದೇಶಿ ಪ್ರವಾಸಿಗರಿಗೆ ಹೋಟೆಲ್ ರೂಮಿನ ಮೇಲೆ ಈ ತೆರಿಗೆ ಇಲ್ಲ. ಪಾಸ್‌ಪೋರ್ಟು, ದೇಶದೊಳಗೆ ಬಂದ ದಾಖಲೆ ತೋರಿಸಿದರೆ ಆಯ್ತು. ನಾನು ಬಂದ ದಿನವೇ ತೋರಿಸಿದ್ದೆ. ಬೆಳಗಿನ ಹುಡುಗಿ ಕಾಪಿ ಇಟ್ಟುಕೊಂಡಿಲ್ಲ, ಈಗ ಮ್ಯಾನೇಜರ್ ಇಲ್ಲ, ತಾನು ಏನೂ ಮಾಡೋಕಾಗಲ್ಲ ಅಂತ ಕೂತಳು. ಟ್ಯಾಕ್ಸಿ ಹೊರಗೆ ಹಾರ್ನ್ ಹೊಡೀತಿದೆ. ನಲವತ್ತು ನಿಮಿಷ ಜಗಳ ಆಡಿ ತೆಗೆಸಿದೆ. ಸಮುದ್ರದ 35 ಡಾಲರ್ ಮಾತ್ರ ಮೊದಲೆರಡು ರಾತ್ರಿಗೆ ವಾಪಸ್ ಬರಲಿಲ್ಲ.

ಚೈನ್ ಹೋಟೆಲಲ್ಲಿ ಈ ಜಗಳ ಇರ್ತಿರಲಿಲ್ಲ. ಕಂಪ್ಯೂಟರೇ ತೆರಿಗೆ ತೆಗೀತಿತ್ತು. ಆ ಎಮೋಲಿಯೆಂತೆ ಚೀಲವೂ ಬರ್ತಿರಲಿಲ್ಲ. ಹತ್ತು ರೂಮಿನ ಜಾಗದಲ್ಲಿ ಎಲ್ಲಾ ನಡೆಯೋದು ಆ ಹೊತ್ತಿಗೆ ಮೇಜಿನ ಹಿಂದೆ ಯಾರು ಕೂತಿದ್ದಾರೆ ಅನ್ನೋದರ ಮೇಲೆ. ನಾನು ರಾತ್ರಿ ಪಾಳಿಯವರನ್ನು ನೆನೆಸಿಕೊಂಡು ಮತ್ತೆ ಅಲ್ಲೇ ಬುಕ್ ಮಾಡ್ತೀನಿ, ಬೆಳಗಿನವಳನ್ನು ನೆನೆಸಿಕೊಂಡು ಎಲ್ಲಾ ಕಾಗದದ ಎರಡೆರಡು ಪ್ರತಿ ಒಯ್ತೀನಿ.

ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗೋರು ಸಮುದ್ರದ ರೂಮೇ ತಗೊಳ್ಳಿ, ಆಗ ಬಿಸಿಲಿರುತ್ತೆ, ನಾನು ಬೈದದ್ದು ಲೆಕ್ಕಕ್ಕಿಲ್ಲ. ಆಗಸ್ಟಲ್ಲಾದರೆ ಅಂಗಳದ ಕಡೆಯ ಅಗ್ಗದ ರೂಮು ಕೇಳಿ. ಫಿಲ್ಟರ್ ಒಯ್ಯೋದು ಬೇಡ. ಅಮ್ಮ ತನ್ನದನ್ನು ಅಲ್ಲೇ ಬಿಟ್ಟು ಬಂದಿದ್ದಾಳೆ, ಕಟ್ಟೆ ಮೇಲೆ ಇರುತ್ತೆ.