72 ಗಂಟೆ ಎಂದರೆ ಎಷ್ಟು ಗಂಟೆ?

ಕೋವಿಡ್ ಕಾಲದಲ್ಲಿ ವಿದೇಶಕ್ಕೆ ಹೊರಟವರನ್ನು ವೈರಸ್ಸಿಗಿಂತ ಹೆಚ್ಚು ಕಾಡಿದ್ದು ಗಣಿತ. ಭಾರೀ ಗಣಿತವೇನಲ್ಲ, ನಾಲ್ಕನೇ ಕ್ಲಾಸಿನ ಕೂಡುವ ಕಳೆಯುವ ಲೆಕ್ಕ. ವಿಮಾನ ಹೊರಡುವ ಹೊತ್ತಿನಿಂದ 72 ಗಂಟೆ ಹಿಂದಕ್ಕೆ ಎಣಿಸಿ, ಆಮೇಲೆ ಆರ್‌ಟಿ-ಪಿಸಿಆರ್ ಮಾಡಿಸಿ, ನೆಗೆಟಿವ್ ಎಂದು ಬರೆದ ಕಾಗದ ತೋರಿಸಿ. ಅಷ್ಟೇ. ಇದರಲ್ಲಿ ಎಡವುವುದಕ್ಕೆ ಏನಿದೆ ಎಂದುಕೊಂಡವರೆಲ್ಲ ಚೆಕ್-ಇನ್ ಕೌಂಟರಿನ ಮುಂದೆ ಸಾಲಾಗಿ ಎಡವಿದರು.

ಈ 72 ಗಂಟೆ ಶುರುವಾಗುತ್ತಿದ್ದುದು ಮೂಗಿನೊಳಗೆ ಕಡ್ಡಿ ಹೋದ ಕ್ಷಣದಿಂದ. ವರದಿ ಕೈಗೆ ಬಂದ ಕ್ಷಣದಿಂದಲ್ಲ. ಆದರೆ ವರದಿಯ ಹಾಳೆಯಲ್ಲಿ ಹೆಸರು ನೋಂದಾಯಿಸಿದ ಹೊತ್ತು, ಮಾದರಿ ತೆಗೆದ ಹೊತ್ತು, ಫಲಿತಾಂಶ ಬಂದ ಹೊತ್ತು ಎಂದು ಮೂರು ಇರುತ್ತಿದ್ದವು. ಪ್ರಯಾಣಿಕರು ಮೂರನೆಯದನ್ನು ಹಿಡಿದು ಲೆಕ್ಕ ಹಾಕುತ್ತಿದ್ದರು, ಕೌಂಟರಿನವರು ಎರಡನೆಯದನ್ನು. ಕೆಲವು ಲ್ಯಾಬುಗಳು ಮಾದರಿ ತೆಗೆದ ತಾರೀಖನ್ನು ಹಾಕಿ ಗಂಟೆ ಹಾಕುವುದನ್ನು ಮರೆಯುತ್ತಿದ್ದವು. ಗಂಟೆಯೇ ಇಲ್ಲದ ತಾರೀಖಿನಿಂದ 72 ಗಂಟೆ ಎಣಿಸುವ ವಿದ್ಯೆ ಯಾರಿಗೂ ಒಲಿದಿರಲಿಲ್ಲವಾದ್ದರಿಂದ ಅಂಥ ವರದಿ ನೇರ ವಾಪಸ್.

ಒಂದು ಲೆಕ್ಕ ಮಾಡಿಯೇ ನೋಡೋಣ. ಸೋಮವಾರ ನಸುಕಿನ 2 ಗಂಟೆಗೆ ವಿಮಾನ. ಮಾಮೂಲಿ ಮನುಷ್ಯರಿಗೆ ಅದು ಭಾನುವಾರ ರಾತ್ರಿ. ಟಿಕೆಟ್ಟಿಗೆ ಮಾತ್ರ ಸೋಮವಾರ. 72 ಗಂಟೆಯ ಕಿಟಕಿ ತೆರೆಯುವುದು ಶುಕ್ರವಾರ ನಸುಕಿನ 2ಕ್ಕೆ. ಮುಂಜಾಗ್ರತೆ ಎಂದು ಗುರುವಾರ ಸಂಜೆ 6ಕ್ಕೇ ಮೂಗು ಕೊಟ್ಟು ಬಂದವರದು 80 ಗಂಟೆ ಹಳೆಯ ಮಾದರಿ, ಆಟದಿಂದ ಔಟ್. ಶನಿವಾರ ನಿಧಾನಕ್ಕೆ ಹೋದರಾಯಿತು ಎಂದವರಿಗೆ, ವರದಿಗೆ 48 ಗಂಟೆ ಹಿಡಿದರೆ, ನೆಗೆಟಿವ್ ಎಂಬ ಶುಭ ಸಮಾಚಾರ ಬರುವ ಹೊತ್ತಿಗೆ ವಿಮಾನ ಸಮುದ್ರದ ಮೇಲಿರುತ್ತದೆ. ಉಳಿದದ್ದು ಶುಕ್ರವಾರ ಒಂದೇ ದಿನ, ಅದರಲ್ಲೂ ಬೆಳಗ್ಗೆ ಲ್ಯಾಬು ಬಾಗಿಲು ತೆಗೆದ ಕೂಡಲೇ. ಮೂರು ದಿನದ ಅವಕಾಶವೆಂದು ಕೇಳಿಸುತ್ತಿದ್ದದ್ದು ಅಸಲಿಗೆ ಅರ್ಧ ದಿನದ ಅವಕಾಶ.

ಇನ್ನು ಎಣಿಕೆ ಮುಗಿಯುವುದು ಎಲ್ಲಿ? ನಡುವೆ ವಿಮಾನ ಬದಲಿಸುವವರಿಗೆ ಇದೇ ದೊಡ್ಡ ಗಂಡಾಂತರ. ಭಾರತಕ್ಕೆ ಬರುವವರಿಗೆ ಪ್ರಯಾಣ ಶುರುವಾಗುವ ಹೊತ್ತು ಲೆಕ್ಕಕ್ಕೆ. ಕೆನಡಾಕ್ಕೆ ಹೋಗುವವರಿಗೆ, ಕೆನಡಾದ ನೆಲ ಮುಟ್ಟುವ ಕೊನೆಯ ವಿಮಾನ ಹೊರಡುವ ಹೊತ್ತು ಲೆಕ್ಕಕ್ಕೆ. ಅಂದರೆ ಮನೆಯಿಂದ ಹೊರಟಾಗ 60 ಗಂಟೆಯ ಎಳೆಯ ವರದಿಯಾಗಿದ್ದದ್ದು ನಡುವಿನ ನಿಲ್ದಾಣದ ಕುರ್ಚಿಯ ಮೇಲೆ ಕೂತಲ್ಲೇ ಮುಪ್ಪಾಗಿ ಸತ್ತುಹೋಗಬಹುದಿತ್ತು.

ಅಮೆರಿಕದ್ದು ಬೇರೆಯೇ ರಾಗ. ಅದು ಗಂಟೆಯ ಗೋಜಿಗೇ ಹೋಗದೆ ದಿನ ಎಣಿಸಿತು. ಮೊದಲು 3 ದಿನ ಇದ್ದದ್ದು 2021ರ ಡಿಸೆಂಬರ್ 6ರಿಂದ 1 ದಿನಕ್ಕೆ ಇಳಿಯಿತು. ಜನ ಅದನ್ನು 24 ಗಂಟೆ ಎಂದುಕೊಂಡು ಲ್ಯಾಬಿನಿಂದ ಲ್ಯಾಬಿಗೆ ಓಡಿದರು. ನಿಜಕ್ಕೂ ಹೇಳಿದ್ದು ಕ್ಯಾಲೆಂಡರಿನ ಒಂದು ದಿನ. ಶುಕ್ರವಾರ ರಾತ್ರಿ 11ಕ್ಕೆ ವಿಮಾನವಿದ್ದರೆ ಬುಧವಾರದ ನಡುರಾತ್ರಿ 12 ಹೊಡೆದು, ಗುರುವಾರ ಹುಟ್ಟಿದ ಐದು ನಿಮಿಷಕ್ಕೆ ಕೊಟ್ಟ ಮಾದರಿಯೂ ನಡೆಯುತ್ತಿತ್ತು. ಅದು ಹತ್ತಿರ ಹತ್ತಿರ 47 ಗಂಟೆ! ಅಷ್ಟು ಉದಾರವಾದ ನಿಯಮಕ್ಕೆ ಅಷ್ಟು ಗಾಬರಿ ಹುಟ್ಟಿಸಿದ ಕೀರ್ತಿ ಬೇರೆ ಯಾವುದಕ್ಕೂ ಸಲ್ಲದು.

ಸಂಯುಕ್ತ ಅರಬ್ ಎಮಿರೇಟ್ಸ್ ಇನ್ನೊಂದು ತುದಿ. 2021ರ ಆಗಸ್ಟಿನಲ್ಲಿ ಭಾರತದಿಂದ ಬರುವವರಿಗೆ ಬಾಗಿಲು ತೆರೆದಾಗ 48 ಗಂಟೆಯೊಳಗಿನ ಪಿಸಿಆರ್ ಸಾಲದೆಂದು ವಿಮಾನ ನಿಲ್ದಾಣದಲ್ಲೇ ಇನ್ನೊಂದು ರ್‍ಯಾಪಿಡ್ ಪಿಸಿಆರ್ ಕೇಳಿತು. ಹೊರಡುವ ಮುನ್ನ 4 ಗಂಟೆಯೊಳಗೆ ಎಂದು ಮೊದಲು ಹೇಳಿ, ಆಮೇಲೆ 6 ಗಂಟೆಗೆ ಸಡಿಲಿಸಿತು. ಇಲ್ಲಿ ಬೇಗ ಬರುವುದೂ ತಪ್ಪು, ತಡವಾಗಿ ಬರುವುದೂ ತಪ್ಪು. ಎಲ್ಲದಕ್ಕೂ ಮೊದಲೇ ಹೋಗಿ ಕೂರುವ ಅಭ್ಯಾಸವಿರುವ ಹಿರಿಯರು 8 ಗಂಟೆ ಮುಂಚೆ ಬಂದು, ಪರೀಕ್ಷೆಗೆ ಇನ್ನೂ ಕಾಲ ಬಂದಿಲ್ಲವೆಂದು ಹೊರಗೆ ಕಾಯಬೇಕು.

ಇಷ್ಟೆಲ್ಲ ಓದಿ ನಿಯಮ ಮಾಡಿದವರಿಗೆ ಬುದ್ಧಿಯಿರಲಿಲ್ಲ ಎನ್ನುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಒಂದೊಂದು ನಿಯಮವನ್ನೂ ಬಿಡಿಯಾಗಿ ಎತ್ತಿ ನೋಡಿದರೆ ಅದಕ್ಕೊಂದು ಕಾರಣ ಸಿಗುತ್ತದೆ. ಎಡವಟ್ಟು ಹುಟ್ಟಿದ್ದು ಎರಡು ನಿಯಮಗಳು ಕೂಡುವ ಜಾಗದಲ್ಲಿ. 2021ರ ಏಪ್ರಿಲ್ ಕೊನೆಯಲ್ಲಿ ಕೆನಡಾ ಭಾರತದ ನೇರ ವಿಮಾನಗಳನ್ನು ನಿಲ್ಲಿಸಿತು. ಬಳಸು ದಾರಿಯಲ್ಲಿ ಬರುವವರು ಮೂರನೆಯ ದೇಶವೊಂದರಲ್ಲಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದಿತು. ಆ ಮೂರನೆಯ ದೇಶದೊಳಗೆ ಕಾಲಿಡಲು ಅದರದ್ದೇ ಪರೀಕ್ಷೆ, ಅದರದ್ದೇ ವೀಸಾ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವೆ ಸೂಟ್‌ಕೇಸು ಹಿಡಿದ ವಿದ್ಯಾರ್ಥಿ. ಸೆಪ್ಟೆಂಬರ್ ಕೊನೆಗೆ ನೇರ ವಿಮಾನ ಮತ್ತೆ ಶುರುವಾದಾಗಲೂ, ದೆಹಲಿ ವಿಮಾನ ನಿಲ್ದಾಣದ ಗೊತ್ತುಮಾಡಿದ ಒಂದೇ ಲ್ಯಾಬಿನಲ್ಲಿ ಹೊರಡುವ 18 ಗಂಟೆಯೊಳಗೆ ಪರೀಕ್ಷೆ ಆಗಿರಬೇಕಿತ್ತು. ಊರಿನ ಲ್ಯಾಬಿನ ಕಾಗದಕ್ಕೆ ಅಲ್ಲಿ ಬೆಲೆಯಿಲ್ಲ.

ಇಂಥ ಗೋಜಲುಗಳ ತೀರ್ಪು ಕೊಡುತ್ತಿದ್ದವರು ವಲಸೆ ಅಧಿಕಾರಿಗಳಲ್ಲ, ವಿಮಾನ ಕಂಪನಿಯ ಕೌಂಟರಿನ ಸಿಬ್ಬಂದಿ. ಕಾಗದ ಸರಿಯಿಲ್ಲದವರನ್ನು ಹೊತ್ತೊಯ್ದರೆ ಕಂಪನಿಗೆ ದಂಡ ಬೀಳುತ್ತದೆ, ವಾಪಸು ಕರೆತರುವ ಹೊರೆಯೂ ಅದರದ್ದೇ. ಹಾಗಾಗಿ ಅವರು ಟಿಮ್ಯಾಟಿಕ್ ಎಂಬ ನಿಯಮಗಳ ದತ್ತಾಂಶವನ್ನು ಪರದೆಯಲ್ಲಿ ತೆರೆದು ಅಕ್ಷರ ಅಕ್ಷರ ಹೋಲಿಸುತ್ತಿದ್ದರು. 'ಅಲ್ಲಿಯ ರಾಯಭಾರ ಕಚೇರಿಯವರೇ ಫೋನಿನಲ್ಲಿ ಆಗುತ್ತದೆ ಎಂದಿದ್ದಾರೆ' ಎಂದರೆ ಅವರ ಮುಖದಲ್ಲಿ ಗೆರೆಯೊಂದೂ ಕದಲುತ್ತಿರಲಿಲ್ಲ. ಬಲ್ಲವರು ಅದಕ್ಕೇ ಆ ದೇಶದ ಸರ್ಕಾರಿ ಜಾಲತಾಣದ ಪುಟವನ್ನೇ, ತಾರೀಖು ಕಾಣುವಂತೆ, ಮುದ್ರಿಸಿ ಒಯ್ಯುತ್ತಿದ್ದರು. ಮೊಬೈಲಿನಲ್ಲಿ ತೋರಿಸುತ್ತೇನೆ ಎಂದವರ ಬ್ಯಾಟರಿ ಸರಿಯಾಗಿ ಕೌಂಟರಿನ ಎದುರೇ ಕೈಕೊಡುತ್ತಿತ್ತು.

ಕೋವಿಡ್ ಬಂದು ವಾಸಿಯಾದವರ ಕಥೆ ಇನ್ನೂ ಸ್ವಾರಸ್ಯ. ಸೋಂಕು ಹೋದ ಮೇಲೂ ವೈರಸ್ಸಿನ ಸತ್ತ ಚೂರುಗಳು ಮೂಗಿನಲ್ಲಿ ವಾರಗಟ್ಟಲೆ ಉಳಿದು ಪಿಸಿಆರ್ ಪಾಸಿಟಿವ್ ತೋರಿಸಬಲ್ಲದು. ಇವರಿಗಾಗಿ ಅಮೆರಿಕ ಒಂದು ಒಳದಾರಿ ಬಿಟ್ಟಿತ್ತು: 90 ದಿನದೊಳಗಿನ ಪಾಸಿಟಿವ್ ವರದಿ, ಜೊತೆಗೆ ಪ್ರಯಾಣಕ್ಕೆ ಅಡ್ಡಿಯಿಲ್ಲವೆಂಬ ವೈದ್ಯರ ಪತ್ರ. ಕೆನಡಾದ ಲೆಕ್ಕದಲ್ಲಿ ಪಾಸಿಟಿವ್ ಕನಿಷ್ಠ 14 ದಿನ ಹಳೆಯದಿರಬೇಕು, ಮೊದಮೊದಲು 90 ದಿನ ಮೀರಿರಬಾರದು. ಅಕ್ಕಪಕ್ಕದ ಸಾಲಿನಲ್ಲಿ ಒಬ್ಬರು ತಮಗೆ ರೋಗವಿಲ್ಲವೆಂದು ಸಾಬೀತುಪಡಿಸಿ ವಿಮಾನ ಹತ್ತಿದರೆ, ಇನ್ನೊಬ್ಬರು ರೋಗವಿತ್ತೆಂದು ಸಾಬೀತುಪಡಿಸಿ ಹತ್ತುತ್ತಿದ್ದರು. 13ನೇ ದಿನಕ್ಕೆ ಟಿಕೆಟ್ ಮಾಡಿಸಿಕೊಂಡವರು ಮಾತ್ರ ಯಾವ ಸಾಲಿಗೂ ಸೇರದವರು.

ಮಾದರಿ ತೆಗೆಯುವ ಜಾಗದಲ್ಲೂ ಗಡಿಗಳಿದ್ದವು. ಜಪಾನ್ ಗಂಟಲಿನಿಂದಷ್ಟೇ ತೆಗೆದ ಮಾದರಿಯನ್ನು ಒಪ್ಪುತ್ತಿರಲಿಲ್ಲ. ಯಾವ ವಿಧಾನದಲ್ಲಿ ತೆಗೆದರೆಂದು ವರದಿಯಲ್ಲಿ ಬರೆದಿರಲೇಬೇಕು. ಮಕ್ಕಳ ವಯಸ್ಸಿಗೂ ಅಷ್ಟೇ. ಅಮೆರಿಕಕ್ಕೆ 2 ವರ್ಷ ತುಂಬಿದವರಿಗೆಲ್ಲ ಪರೀಕ್ಷೆ, ಕೆನಡಾಕ್ಕೆ 5 ತುಂಬಿದ ಮೇಲೆ. ನಾಲ್ಕು ವರ್ಷದ ಮಗು ಒಂದು ಗಡಿಯಲ್ಲಿ ಶಂಕಿತ, ಪಕ್ಕದ ಗಡಿಯಲ್ಲಿ ನಿರಪರಾಧಿ.

ಲಸಿಕೆ ಬಂದ ಮೇಲೆ ಎಲ್ಲ ಸುಸೂತ್ರ ಎಂಬ ಭರವಸೆಯಿತ್ತು. ಆದದ್ದೇ ಬೇರೆ. ಕೋವಿಶೀಲ್ಡ್ ಮತ್ತು ಯೂರೋಪಿನ ವ್ಯಾಕ್ಸ್‌ಜೆವ್ರಿಯಾ ಎರಡೂ ಆಕ್ಸ್‌ಫರ್ಡ್-ಆಸ್ಟ್ರಾಜೆನೆಕಾ ಲಸಿಕೆಗಳೇ. ವಿಶ್ವ ಆರೋಗ್ಯ ಸಂಸ್ಥೆ ಕೋವಿಶೀಲ್ಡನ್ನು 2021ರ ಫೆಬ್ರುವರಿಯಲ್ಲೇ ಒಪ್ಪಿತ್ತು. ಆದರೂ ಅದೇ ವರ್ಷದ ಜುಲೈ 1ರಂದು ಯೂರೋಪಿನ ಡಿಜಿಟಲ್ ಕೋವಿಡ್ ಪ್ರಮಾಣಪತ್ರ ಜಾರಿಗೆ ಬಂದಾಗ ಅಲ್ಲಿಯ ಔಷಧ ಸಂಸ್ಥೆಯ ಪಟ್ಟಿಯಲ್ಲಿದ್ದದ್ದು ಎರಡನೆಯ ಹೆಸರು ಮಾತ್ರ. ಕೋವಿಶೀಲ್ಡನ್ನು ಒಪ್ಪುವುದೋ ಬಿಡುವುದೋ ಎಂಬುದು ಆಯಾ ದೇಶದ ಮರ್ಜಿ. ಕೋವ್ಯಾಕ್ಸಿನ್ ಹಾಕಿಸಿಕೊಂಡವರಂತೂ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಗಾಗಿ 2021ರ ನವೆಂಬರ್ 3ರವರೆಗೆ ಕಾದರು. ಎರಡು ಡೋಸ್ ತೋಳಿನೊಳಗಿದ್ದೂ ಕಾಗದದ ಮೇಲೆ ಲಸಿಕೆಯಿಲ್ಲದವರು.

ಡೋಸುಗಳ ನಡುವಿನ ಅಂತರದ್ದೂ ಇದೇ ಪಾಡು. ಆ ವರ್ಷ ಮೇ ತಿಂಗಳಲ್ಲಿ ಭಾರತದಲ್ಲಿ ಕೋವಿಶೀಲ್ಡ್ ಅಂತರ 6-8 ವಾರ ಇದ್ದದ್ದು 12-16 ವಾರಕ್ಕೆ ಏರಿತು. ಆಗಸ್ಟಿನಲ್ಲಿ ವಿಶ್ವವಿದ್ಯಾಲಯ ಸೇರಬೇಕಾದವರು ಲೆಕ್ಕ ಹಾಕಿ ಕಂಗಾಲಾದರು. ಜೂನ್‌ನಲ್ಲಿ ಓದು, ಉದ್ಯೋಗ ಮತ್ತು ಟೋಕಿಯೊ ಒಲಿಂಪಿಕ್ಸ್‌ಗೆ ಹೋಗುವವರಿಗೆ 28 ದಿನಕ್ಕೇ ಎರಡನೇ ಡೋಸ್ ಕೊಡಲು ಅವಕಾಶವಾಯಿತು. ಸೂಜಿಗೆ ಮೊದಲು ಪ್ರವೇಶಪತ್ರವೋ ನೇಮಕಾತಿ ಪತ್ರವೋ ತೋರಿಸಬೇಕು, ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಬರಬೇಕು. ಕೊನೆಯ ಡೋಸಿನ ನಂತರ 14 ದಿನ ಕಳೆಯಬೇಕೆಂಬುದು ಬಹುಪಾಲು ದೇಶಗಳ ಷರತ್ತು. ಇಲ್ಲೂ ಒಂದು ಗುಂಡಿ: ಸೂಜಿ ಬಿದ್ದ ದಿನ 1 ಅಲ್ಲ, 0. ಒಂದು ದಿನ ಮುಂಚೆ ಟಿಕೆಟ್ ತೆಗೆದವರಿಗೆ ಈ ಸೊನ್ನೆಯ ಮಹಿಮೆ ಕೌಂಟರಿನಲ್ಲಿ ತಿಳಿಯುತ್ತಿತ್ತು. ನಿಧಾನ ಮಾಡಿದರೂ ಬಚಾವಿಲ್ಲ. 2022ರ ಫೆಬ್ರುವರಿ 1ರಿಂದ ಯೂರೋಪಿನಲ್ಲಿ ಬೂಸ್ಟರ್ ಇಲ್ಲದ ಪ್ರಮಾಣಪತ್ರಕ್ಕೆ 270 ದಿನದ ಆಯಸ್ಸು.

ಹೆಸರಿನ ವಿಷಯಕ್ಕೆ ಬಂದರೆ, ನಮ್ಮ ಕಡೆಯ ಇನಿಷಿಯಲ್ಲುಗಳಿಗೆ ಇಷ್ಟು ದೊಡ್ಡ ಪರೀಕ್ಷೆ ಹಿಂದೆಂದೂ ಎದುರಾಗಿರಲಿಲ್ಲ. ಆಧಾರ್‌ನಲ್ಲಿ ಎರಡು ಅಕ್ಷರ ಮತ್ತು ಹೆಸರು. ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳು ಬಿಡಿಸಿಕೊಂಡು ಊರು, ತಂದೆಯ ಹೆಸರು ಎಲ್ಲವೂ ಮೆರವಣಿಗೆ ಹೊರಟಿರುತ್ತವೆ. ಕೋವಿನ್ ಪ್ರಮಾಣಪತ್ರ ಆಧಾರ್‌ನಂತೆ ಬಂದಿರುತ್ತಿತ್ತು. ತಿದ್ದಲು ಅವಕಾಶವಿತ್ತು, ಆದರೆ ಒಮ್ಮೆ ಮಾತ್ರ. ಮೊದಲ ತಪ್ಪನ್ನು ತಿದ್ದುವಾಗ ಅವಸರದಲ್ಲಿ ಎರಡನೇ ತಪ್ಪು ಮಾಡಿದವರು ಅದನ್ನೇ ಹಣೆಬರಹವೆಂದು ಇಟ್ಟುಕೊಳ್ಳಬೇಕು. ಇದರ ಮೇಲೆ ಬ್ರಿಟನ್ ತಕರಾರು: 2021ರ ಸೆಪ್ಟೆಂಬರಿನಲ್ಲಿ ಅದು ಕೋವಿಶೀಲ್ಡ್ ಲಸಿಕೆಯನ್ನು ಒಪ್ಪಿ, ಅದರ ಪ್ರಮಾಣಪತ್ರವನ್ನು ಒಪ್ಪಲಿಲ್ಲ. ಕೋವಿನ್ ವಯಸ್ಸನ್ನಷ್ಟೇ ಹಾಕುತ್ತಿತ್ತು, ಅವರಿಗೆ ಪೂರ್ತಿ ಹುಟ್ಟಿದ ತಾರೀಖು ಬೇಕಿತ್ತು. ಅಕ್ಟೋಬರ್ 4ರಿಂದ ಭಾರತವೂ ಬ್ರಿಟನ್ನಿನಿಂದ ಬರುವ ಅಲ್ಲಿನ ಪ್ರಜೆಗಳಿಗೆ 10 ದಿನದ ಕ್ವಾರಂಟೈನ್ ಹಾಕಿತು. 11ಕ್ಕೆ ಬ್ರಿಟನ್ ಪಟ್ಟು ಸಡಿಲಿಸಿತು. ಹುಟ್ಟಿದ ತಾರೀಖಿಗಾಗಿ ಎರಡು ದೇಶಗಳು ಇಷ್ಟು ತಲೆ ಕೆಡಿಸಿಕೊಂಡದ್ದು ಜ್ಯೋತಿಷಿಗಳಿಗೆ ಹೊಟ್ಟೆಕಿಚ್ಚು ತಂದಿರಬೇಕು.

ತಾರೀಖು ಇದ್ದರೂ ಅದನ್ನು ಓದುವ ಕ್ರಮ ಬೇರೆ. 05/06/2021 ಎಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳನ್ನು ಅಕ್ಷರದಲ್ಲಿ ಬರೆಸಿಕೊಂಡವರು ಗೆದ್ದರು.

ಬ್ರಿಟನ್ನಿನ ಹೊಸ ನಿಯಮಗಳು ಜಾರಿಯಾಗುತ್ತಿದ್ದದ್ದು ಸಾಮಾನ್ಯವಾಗಿ ನಸುಕಿನ 4 ಗಂಟೆಗೆ. ಭಾರತ ಅದರ ಅಪಾಯದ ದೇಶಗಳ ಕೆಂಪು ಪಟ್ಟಿ ಸೇರಿದ್ದು 2021ರ ಏಪ್ರಿಲ್ 23ರ ನಸುಕಿನ 4ಕ್ಕೆ. 3.50ಕ್ಕೆ ಇಳಿದವರು ಮನೆಗೆ, 4.10ಕ್ಕೆ ಇಳಿದವರು 1,750 ಪೌಂಡ್ ಕಟ್ಟಿ ಹೋಟೆಲ್ ಕ್ವಾರಂಟೈನಿಗೆ. ಆಗಸ್ಟಿನಲ್ಲಿ ಆ ದರ 2,285 ಪೌಂಡಾಯಿತು. ನ್ಯೂಜಿಲೆಂಡ್ ತನ್ನ ಪ್ರಜೆಗಳಿಗೂ ಕ್ವಾರಂಟೈನ್ ಕೋಣೆಯ ವೋಚರ್ ಇಲ್ಲದೆ ವಿಮಾನ ಹತ್ತಲು ಬಿಡಲಿಲ್ಲ. 2021ರ ಸೆಪ್ಟೆಂಬರಿನಿಂದ ಆ ಕೋಣೆಗಳಿಗೆ ಆನ್‌ಲೈನ್ ಸರದಿ, ಸರದಿಯಲ್ಲಿ ನಿಮ್ಮ ಜಾಗ ಲಾಟರಿ. ಕೋಣೆ ಸಿಕ್ಕಿತು ಎನ್ನುವಷ್ಟರಲ್ಲಿ ಆ ದಿನದ ವಿಮಾನ ರದ್ದು. ಹಾಂಕಾಂಗ್‌ನಲ್ಲಿ 21 ದಿನದ ಹೋಟೆಲ್ ವಾಸಕ್ಕೆ ಕೋಣೆ ಕಾದಿರಿಸಿದವರಿಗೆ ಬೇರೆ ಭಯ: ಹಿಂದಿನ ವಾರದ ವಿಮಾನದಲ್ಲಿ ಸೋಂಕಿತರು ಮಿತಿ ಮೀರಿ ಸಿಕ್ಕರೆ ಆ ಮಾರ್ಗವೇ 14 ದಿನ ಬಂದ್. ಆಸ್ಟ್ರೇಲಿಯಾ ಎಲ್ಲರನ್ನೂ ಮೀರಿಸಿತು. 2021ರ ಮೇ 3ರಿಂದ 15ರವರೆಗೆ, ಭಾರತದಲ್ಲಿ 14 ದಿನದೊಳಗೆ ಇದ್ದು ಬಂದ ತನ್ನದೇ ಪ್ರಜೆಗಳಿಗೂ 5 ವರ್ಷದ ಜೈಲು ಅಥವಾ 66,600 ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡದ ಬೆದರಿಕೆ ಹಾಕಿತ್ತು.

ಫಾರಂಗಳ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಬ್ರಿಟನ್ನಿನ ಪ್ರಯಾಣಿಕರ ಫಾರಂ ತುಂಬಲು, ಅಲ್ಲಿಗೆ ಹೋದ ಮೇಲೆ ಮಾಡಿಸಬೇಕಾದ 2ನೇ ದಿನದ ಪರೀಕ್ಷೆಯ ಬುಕಿಂಗ್ ಸಂಖ್ಯೆ ಬೇಕು. ಆ ಸಂಖ್ಯೆ ಬರುವುದು ಹಣ ಕಟ್ಟಿದ ಮೇಲೆ ಇಮೇಲಿನಲ್ಲಿ, ಇಮೇಲ್ ಹೋಗಿ ಕೂರುವುದು ಸ್ಪ್ಯಾಮ್ ಡಬ್ಬದಲ್ಲಿ. 'ಕಳೆದ 14 ದಿನದಲ್ಲಿ ಬೇರೆ ದೇಶಕ್ಕೆ ಹೋಗಿದ್ದೀರಾ' ಎಂಬ ಪ್ರಶ್ನೆಗೆ ತಪ್ಪು ಚೌಕದಲ್ಲಿ ಗುರುತು ಬಿದ್ದರೆ ಏನಾದೀತು ಎಂದು ಕೇಳುವವರು 2022ರ ಜನವರಿಯ ಟೆನಿಸ್ ಆಟಗಾರ ನೊವಾಕ್ ಜೊಕೊವಿಚ್ ಪ್ರಕರಣ ನೋಡಬಹುದು. ಆಸ್ಟ್ರೇಲಿಯಾದ ಫಾರಂನಲ್ಲಿ ಆ ಗುರುತು ತಪ್ಪಿದ್ದು ತಮ್ಮ ಏಜೆಂಟರಿಂದ ಎಂದು ಅವರೇ ಹೇಳಿದರು. ವೀಸಾ ರದ್ದಾಗಲು ಮುಖ್ಯ ಕಾರಣ ಅದಲ್ಲ, ಲಸಿಕೆಯ ಪ್ರಶ್ನೆ. ಆದರೆ ಜಗತ್ತಿನ ಅಗ್ರ ಆಟಗಾರನ ಫಾರಂ ಕೂಡ ಯಾರೋ ಅವಸರದಲ್ಲಿ ತುಂಬಿದ್ದು ಎಂಬುದು ಉಳಿದವರಿಗೆ ಸ್ವಲ್ಪ ಸಮಾಧಾನ ಕೊಟ್ಟಿತು.

ಭಾರತಕ್ಕೆ ಬರುವವರು ಆನ್‌ಲೈನಿನಲ್ಲಿ ತುಂಬಬೇಕಿದ್ದ ಏರ್ ಸುವಿಧಾ ಎಂಬ ಆರೋಗ್ಯ ಘೋಷಣೆಯ ಫಾರಂ 2022ರ ನವೆಂಬರ್ 22ಕ್ಕೆ ನಿಂತಿತು. ಹಬ್ಬ ಮಾಡಿದವರು ಇನ್ನೂ ಕೈ ತೊಳೆದಿರಲಿಲ್ಲ, 2023ರ ಜನವರಿ 1ರಿಂದ ಚೀನಾ, ಜಪಾನ್, ಸಿಂಗಪುರ ಸೇರಿ ಆರು ಕಡೆಯಿಂದ ಬರುವವರಿಗೆ ಅದು ಮತ್ತೆ ಬಂತು, ಫೆಬ್ರುವರಿಯಲ್ಲಿ ಮತ್ತೆ ಹೋಯಿತು. ಅಮೆರಿಕ ಲಸಿಕೆಯ ಷರತ್ತನ್ನು ಕೈಬಿಟ್ಟದ್ದು 2023ರ ಮೇನಲ್ಲಿ.

ಎಣಿಕೆ ಮುಗಿಯಿತೆಂದು ಫೈಲು ರದ್ದಿಗೆ ಹಾಕುವವರು ಹಳದಿ ಜ್ವರದ (ಯೆಲ್ಲೊ ಫೀವರ್) ಲಸಿಕೆ ಹಾಕಿಸಿಕೊಂಡದ್ದಕ್ಕೆ ಕೊಡುವ ಪುಸ್ತಕವನ್ನು ಮಾತ್ರ ಎತ್ತಿಡಬೇಕು. ಆಫ್ರಿಕ, ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗಿ ಬರುವವರಿಗೆ ಅದು ಕೋವಿಡ್‌ಗಿಂತ ಎಷ್ಟೋ ಮೊದಲಿನಿಂದ ಇರುವ ನಿಯಮ, ಈಗಲೂ ಇದೆ. 2016ರ ಜುಲೈ 11ರಿಂದ ಅದಕ್ಕೆ ಆಜೀವ ಮಾನ್ಯತೆ. ಹಳೆಯ ಪುಸ್ತಕದಲ್ಲಿ 10 ವರ್ಷ ಎಂದು ಬರೆದಿದ್ದರೂ ಇನ್ನೊಮ್ಮೆ ಚುಚ್ಚಿಸಿಕೊಳ್ಳಬೇಕಿಲ್ಲ. ಆದರೆ ಮೊದಲ ಸಲದ ಸೂಜಿ ಲೆಕ್ಕಕ್ಕೆ ಬರುವುದು 10 ದಿನ ಕಳೆದ ಮೇಲೆ. 9ನೇ ದಿನಕ್ಕೆ ಅಲ್ಲಿಂದ ಬಂದಿಳಿದರೆ ಭಾರತದಲ್ಲಿ 6 ದಿನದವರೆಗೆ ಕ್ವಾರಂಟೈನ್.